ಜೀವಶಾಸ್ತ್ರಾಧ್ಯಯನ: ಕುರೆಕುಪ್ಪ ಪರಿಸರ

ಸಂಡೂರು ತಾಲ್ಲೂಕಿನ ಕುರೆಕುಪ್ಪವು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರೆಯ ಪಟ್ಟಣವೆಂದೇ ಪರಿಚಿತವಾಗಿದ್ದರೂ, ದರೋಜಿಯ ಬಂಡೆಗುಡ್ಡಗಳೂ ಸಂಡೂರಿನ ಎಲೆಯುದುರುವ ಕಾಡುಗಳೂ ತುಂಗಭದ್ರೆಯ ಮಡುಗಳೂ ಸಮೀಪದಲ್ಲಿಯೇ ಇರುವುದರಿಂದ, ಜೀವಶಾಸ್ತ್ರದ ವಿದ್ಯಾರ್ಥಿಗೆ ಈ ಸೀಮೆಯು ಅಪೂರ್ವವಾದ ಅಧ್ಯಯನಕ್ಷೇತ್ರವಾಗಿದೆ.

1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದ ಪ್ರಮುಖ ಜೀವಿಯಾದ ಕರಡಿಯು ವರ್ಗೀಕರಣಶಾಸ್ತ್ರಕ್ಕೆ ಒಮ್ಮೆ ಒಗಟಾಗಿದ್ದಿತು. ಆಂಗ್ಲ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಷಾ 1791ರಲ್ಲಿ ಇದನ್ನು ಮರಕ್ಕೆ ಜೋತುಬೀಳುವ ಅಮೆರಿಕದ ಸ್ಲಾತ್ ಪ್ರಾಣಿಯ ಕುಲಕ್ಕೆ ಸೇರಿಸಿದನು. ಕೊಕ್ಕೆಯಂತಹ ಉಗುರುಗಳನ್ನು ನೋಡಿದವರು ಆತನನ್ನು ಬಹಳವಾಗಿ ದೂಷಿಸಲಾರರು. ಮೇಲ್ದವಡೆಯ ನಡುವಣ ಎರಡು ಬಾಚಿಹಲ್ಲುಗಳಿಲ್ಲದ ಎಡೆಯಿಂದಲೇ ಗೆದ್ದಲನ್ನು ಹೀರಿಕೊಳ್ಳುವ ಈ ಪ್ರಾಣಿಯು ಬೋರೆ, ಕಕ್ಕೆ ಮೊದಲಾದವುಗಳ ಫಲಗಳನ್ನೂ ತಿಂದು ಬೀಜಗಳನ್ನು ದೂರಕ್ಕೆ ಒಯ್ಯುವುದರಿಂದ, ಕುರುಚಲು ಕಾಡಿನ ಪುನರುತ್ಪತ್ತಿಯಲ್ಲಿ ಅದರ ಪಾತ್ರವೆಷ್ಟೆಂಬುದು ಯುವ ಸಂಶೋಧಕರಿಗೆ ತಕ್ಕ ಪ್ರಶ್ನೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಿಗೇ ಸೀಮಿತವಾದ ಹಳದಿ ಕೊರಳಿನ ಪಿಕಳಾರವೂ ಇಲ್ಲುಂಟು.

ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರಾ ನದೀಭಾಗವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಮೀನುಗಾರರ ಬಲೆಯೂ ನೀರುನಾಯಿಯ ಹಸಿವೂ ಒಂದೇ ಮೀನನ್ನು ಅರಸುವಲ್ಲಿ ಜೀವಶಾಸ್ತ್ರವು ಸಮಾಜಶಾಸ್ತ್ರದ ನೆರವನ್ನು ಬೇಡುವುದು.

ಉನ್ನತ ವ್ಯಾಸಂಗಕ್ಕೆ ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೂ, ವೈದ್ಯವೃತ್ತಿಯನ್ನು ಬಯಸುವವರಿಗೆ ಅಲ್ಲಿಯೇ ವೈದ್ಯಕೀಯ ವಿದ್ಯಾಲಯವೂ ಇವೆ. ವೈದ್ಯವೃತ್ತಿಯೊಂದೇ ಗತಿಯೆಂಬ ಭಾವನೆ ಮನೆಮನೆಗಳಲ್ಲಿ ಬಲವಾಗಿದ್ದರೂ, ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದ ಪದವೀಧರರು ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಅರ್ಹರು. ಅಧ್ಯಾಪನ, ಮೀನುಗಾರಿಕೆ, ಬೀಜೋತ್ಪಾದನೆ, ಗಣಿಭೂಮಿಯಲ್ಲಿ ಸಸ್ಯಗಳ ಮರುಸ್ಥಾಪನೆ ಇವೂ ಅವರಿಗೆ ತೆರೆದ ಕ್ಷೇತ್ರಗಳೇ.