ಅಸ್ತ್ರ ಒಲೆ

ಅಸ್ತ್ರ ಒಲೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ, ಹೊಗೆಕೊಳವೆಯುಳ್ಳ ಸೌದೆ ಒಲೆ. ವಿಜ್ಞಾನವನ್ನು ಹಳ್ಳಿಗಳಿಗೆ ಅನ್ವಯಿಸುವ ಉದ್ದೇಶದಿಂದ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಅಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಿಂದ ಇದಕ್ಕೆ ಈ ಹೆಸರು ಬಂದಿದೆ. ಕೇಂದ್ರದ ಕ್ಷೇತ್ರಕಾರ್ಯ ನಡೆದ ಉಂಗ್ರ ಗ್ರಾಮವು ಕುಣಿಗಲ್ ತಾಲ್ಲೂಕಿನಲ್ಲಿದೆ. ಹೊಣಕೆರೆ ಹೋಬಳಿಯನ್ನು ಒಳಗೊಂಡ ನಾಗಮಂಗಲ ತಾಲ್ಲೂಕು ಅದರ ನೆರೆಯದು.

ರಚನೆ

ಉರಿಗೂಡಿನ ತಳದಲ್ಲಿ ಕಬ್ಬಿಣದ ಜಾಲರಿಯಿದ್ದು, ಗಾಳಿಯು ಅದರ ಕೆಳಗಿನಿಂದ ಬರುತ್ತದೆ. ಜ್ವಾಲೆಯು ಸಾಲಾಗಿರುವ ಮೂರು ಪಾತ್ರೆಗಳ ತಳವನ್ನು ತಾಗಿ ಕೊಳವೆಯನ್ನು ಸೇರುತ್ತದೆ. ಬಿಸಿ ಹೊಗೆ ಮೇಲೇರುವಾಗ ಉಂಟಾಗುವ ಸೆಳೆತವೇ ಒಲೆಯ ಉಸಿರು.

ಬಳಕೆ ಮತ್ತು ನಿರ್ವಹಣೆ

ಪಾತ್ರೆಯಿಲ್ಲದ ಬಾಯಿಯನ್ನು ತೆರೆದಿಟ್ಟರೆ ಸೆಳೆತ ಕುಂದಿ ಹೊಗೆ ಅಡುಗೆಮನೆಗೆ ಹರಡುತ್ತದೆ, ಅದನ್ನು ಮುಚ್ಚಬೇಕು. ಹಸಿ ಸೌದೆ ಹಾಗೂ ನೆನೆದ ತೆಂಗಿನ ಮಟ್ಟೆಗಳಿಂದ ಮಸಿ ಹೆಚ್ಚುತ್ತದೆ. ಕೊಳವೆಯಲ್ಲಿ ಕಟ್ಟಿದ ಮಸಿಗೆ ಕಿಡಿ ತಗುಲಿದರೆ ಅದೇ ಹೊತ್ತಿ ಉರಿಯಬಲ್ಲದು. ಸೋಗೆಯ ಮಾಡಿಗೆ ಇದು ದೊಡ್ಡ ಅಪಾಯ. ಆದ್ದರಿಂದ ಒಲೆ ಪೂರ್ಣ ಆರಿದ ಮೇಲೆ ಉದ್ದ ಕೋಲಿಗೆ ಬಟ್ಟೆ ಸುತ್ತಿ ಕೊಳವೆಯನ್ನು ಆಗಾಗ ಉಜ್ಜಬೇಕು. ಜಾಲರಿಯಡಿಯ ಬೂದಿಯನ್ನು ನಿತ್ಯ ತೆಗೆಯಬೇಕು. ಅದರಲ್ಲಿ ಕೆಂಡ ಅಡಗಿರುವುದರಿಂದ ನೇರವಾಗಿ ತಿಪ್ಪೆಗೆ ಸುರಿಯಬಾರದು. ಬಿರುಕುಗಳಿಗೆ ಜೇಡಿಮಣ್ಣು ಮೆತ್ತಿದರೆ ಸಾಕು.

ಕೊಳವೆ ಕಟ್ಟಿಕೊಂಡಾಗ ಒಳಗುಳಿಯುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಕಣ್ಣುರಿಸದ ಕೆಂಡವೂ ಅದನ್ನು ಉಗುಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಕಂಡೊಡನೆ ಬಯಲಿಗೆ ಬರಬೇಕು. ಅಡುಗೆಗೆ ಅನಿಲ ಬಂದಿರುವ ಮನೆಗಳಲ್ಲೂ ಬಚ್ಚಲಿನ ಹಂಡೆಗೆ ಸೌದೆ ಉರಿಸುವ ರೂಢಿ ಉಳಿದಿದೆ; ಬಾಗಿಲು ಮುಚ್ಚುವ ಆ ಇಕ್ಕಟ್ಟಿನ ಕೋಣೆಗೂ ಕೊಳವೆ ಮತ್ತು ಗವಾಕ್ಷಿ ಅಗತ್ಯ.