ಐಶ್ವರ್ಯಾ ಪಿಸ್ಸೆ: 65ರ ಲೆಕ್ಕ

ಭೀಮಾ ಹೊಳಿ ಉಸುಕಿನ್ಯಾಗ ಬೈಕ್ ಸಿಕ್ಕೊಂಡ್ರ ಎಷ್ಟು ತ್ರಾಸು ಅಂತ ಘತ್ತರಗಿ ದೋಸ್ತರಿಗೆ ಹೇಳಬೇಕಾ? ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅಂಥಾ ನೆಲದ ಮ್ಯಾಲೇ ರೇಸ್ ಓಡಿಸ್ತಾರ. ಬಾಹಾ ಅಂದ್ರ ಸುತ್ತು ಹೊಡಿಯೋ ಟ್ರ್ಯಾಕ್ ಅಲ್ಲ. ಮರಳು, ಕಲ್ಲು, ಮಣ್ಣಿನ ನೂರಾರು ಕಿಲೋಮೀಟರ್ ದಾರಿ. 2018ರಲ್ಲಿ ಸ್ಪೇನ್‌ನ ಬಾಹಾ ರೇಸಿನಲ್ಲಿ ಬಿದ್ದಾಗ ಅವರ ಮೇದೋಜೀರಕ ಗ್ರಂಥಿ ಹರಿದಿತ್ತು. ಮರುವರ್ಷ ಮತ್ತ ಅದೇ ಸ್ಪೇನ್‌ಗೆ ಹೋದ್ರು!

2019ರ ಎಫ್‌ಐಎಂ ಬಾಹಾ ವಿಶ್ವಕಪ್, ಮಹಿಳಾ ವಿಭಾಗ. ಬಿಕಾಂ ಮಂದಿ, ಕೂಡಿಸಿ ನೋಡ್ರಿ: ದುಬೈನಲ್ಲಿ ಮೊದಲ ಸ್ಥಾನ 25, ಪೋರ್ಚುಗಲ್‌ನಲ್ಲಿ ಮೂರನೇದು 16, ಸ್ಪೇನ್‌ನಲ್ಲಿ ಐದನೇದು 11, ಹಂಗೇರಿಯಲ್ಲಿ ನಾಲ್ಕನೇದು 13. ಒಟ್ಟು 65. ಪೋರ್ಚುಗಲ್‌ನ ರೀಟಾ ವಿಯೇರಾಗೆ 61. ಕಪ್ ಐಶ್ವರ್ಯಾಗೆ.

ಎಲ್ಲರೂ ದುಬೈ ಗೆಲುವೇ ಹೇಳ್ತಾರ. ನನಗ ಸ್ಪೇನ್‌ನ ಆ 11 ದೊಡ್ಡದು. ಅದನ್ನ ಕಳೆದ್ರ ಉಳಿಯೋದು 54.