ಪುಣೆಯಲ್ಲಿ ಕಳೆದ ಅಂಡಿಗೆ ಯಾರ ಲೆಕ್ಕಕ್ಕೆ?

ಪುಣೆ ಸ್ಟೇಶನ್ನಿನಲ್ಲಿ ಬಹುಕಾಲ ಎರಡು ಅಳತೆಯ ಹಳಿಗಳಿದ್ದವು. ಮುಂಬೈ ಕಡೆಯದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಬ್ರಾಡ್ ಗೇಜ್, ಅಗಲ 1,676 ಮಿ.ಮೀ. ಬೆಳಗಾವಿ, ಮೀರಜ್ ಹಾದು ಬಂದದ್ದು ಸದರ್ನ್ ಮರಾಠಾ ಕಂಪನಿಯ ಮೀಟರ್ ಗೇಜ್. ಒಂದರ ವ್ಯಾಗನ್ ಇನ್ನೊಂದರ ಹಳಿಯ ಮೇಲೆ ಓಡುವಂತಿರಲಿಲ್ಲ. ಹುಬ್ಬಳ್ಳಿಯಿಂದ ಈ ದಾರಿಯಲ್ಲಿ ಮುಂಬೈಗೆ ಹೊರಟ ಹತ್ತಿ ಪುಣೆಯಲ್ಲಿ ಇಳಿದು, ಹಮಾಲರ ಬೆನ್ನೇರಿ, ಬೇರೆ ಕಂಪನಿಯ ವ್ಯಾಗನ್ ಸೇರಬೇಕು. ಮುಂಬೈಯಲ್ಲಿ ಎಣಿಸಿದಾಗ ಒಂದು ಅಂಡಿಗೆ ಕಡಿಮೆ ಬಂದರೆ ವ್ಯಾಪಾರಿ ಕೇಳುವುದು ಯಾರನ್ನು?

1890ರ ರೈಲ್ವೆ ಕಾಯಿದೆಯ 80ನೇ ಕಲಮು ಇದಕ್ಕೊಂದು ದಾರಿ ತೋರಿಸಿತು. ಸರಕು ಒಪ್ಪಿಸಿಕೊಂಡ ಕಂಪನಿಯ ಮೇಲೆ, ಇಲ್ಲವೇ ಯಾರ ಹಳಿಯಲ್ಲಿ ನಷ್ಟವಾಯಿತೋ ಆ ಕಂಪನಿಯ ಮೇಲೆ ದಾವೆ ಹೂಡಬಹುದು. ಅಂಡಿಗೆ ಎಲ್ಲಿ ಮಾಯವಾಯಿತೆಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಮೊದಲನೆಯದೇ ಅವನಿಗೆ ಆಸರೆ. ಒಳ್ಳೆಯ ಕಲಮೇ. ಆದರೆ ತೊಡಕಿದ್ದದ್ದು ಬೇರೆ ಕಡೆ.

ಇಂಗ್ಲಿಷ್ ಸಾಮಾನ್ಯ ಕಾನೂನಿನಲ್ಲಿ ಸಾಗಣೆದಾರನ ಹೊಣೆ ವಿಮೆಗಾರನ ಹೊಣೆಯಂಥದು. ದೈವಾಘಾತ, ಶತ್ರುಗಳ ದಾಳಿಯಂಥ ಕೆಲವನ್ನು ಬಿಟ್ಟರೆ, ತಪ್ಪಿರಲಿ ಇಲ್ಲದಿರಲಿ, ನಷ್ಟ ತುಂಬಿಕೊಡಬೇಕು. ಇಲ್ಲಿಗೆ ಅದು ಅನ್ವಯಿಸುತ್ತದೆಯೇ? ಜಿ.ಐ.ಪಿ. ಕಂಪನಿಯೇ ಪ್ರತಿವಾದಿಯಾಗಿದ್ದ 1878ರ ಮೊಕದ್ದಮೆಯಲ್ಲಿ ಮುಂಬೈ ಹೈಕೋರ್ಟ್ ಇಲ್ಲವೆಂದಿತು. 1872ರ ಕರಾರು ಕಾಯಿದೆಯ ಪ್ರಕಾರ, ವಿವೇಕವುಳ್ಳವನು ತನ್ನ ಸ್ವಂತ ಸಾಮಾನನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಿದರೆ ಸಾಕು. 1883ರಲ್ಲಿ ಕಲ್ಕತ್ತಾ ಹೈಕೋರ್ಟ್ ತದ್ವಿರುದ್ಧವಾಗಿ ಹೇಳಿತು. 1891ರಲ್ಲಿ ಐರಾವತಿ ನದಿಯ ಸ್ಟೀಮರ್ ಕಂಪನಿಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಕಲ್ಕತ್ತಾದ ಪಕ್ಷ ವಹಿಸಿತು. ಅಷ್ಟರಲ್ಲಿ ರೈಲು ಕಂಪನಿಗಳು ಪಾರಾಗಿದ್ದವು: ಹಿಂದಿನ ವರ್ಷದ ಕಾಯಿದೆಯ 72ನೇ ಕಲಮು ಮುಂಬೈ ಹೇಳಿದ ಹಗುರ ಹೊಣೆಯನ್ನೇ ಅವುಗಳಿಗೆ ಬರೆದುಕೊಟ್ಟಿತ್ತು. ದೋಣಿಯವನಿಗಿದ್ದ ಕಟ್ಟುನಿಟ್ಟು ರೈಲಿನವನಿಗಿಲ್ಲ!

ಆ ಹಗುರ ಹೊಣೆಯನ್ನೂ ಕಳಚಲು ‘ರಿಸ್ಕ್ ನೋಟ್’ ಇತ್ತು. ಬಿ ನಮೂನೆಗೆ ಸಹಿ ಹಾಕಿದರೆ ಬಾಡಿಗೆ ಅಗ್ಗ. ಪ್ರತಿಯಾಗಿ, ಇಡೀ ಸರಕೋ ಅದರಲ್ಲಿನ ಒಂದು ಪೂರ್ತಿ ಅಂಡಿಗೆಯೋ ಕಳೆದಿರಬೇಕು, ಅದೂ ಕಂಪನಿಯ ಬೇಕೆಂದೇ ಮಾಡಿದ ಉಪೇಕ್ಷೆಯಿಂದ, ಇಲ್ಲವೇ ನೌಕರರ ಕಳ್ಳತನ ಅಥವಾ ಅಂಥದೇ ಉಪೇಕ್ಷೆಯಿಂದ. ಆಗ ಮಾತ್ರ ಪರಿಹಾರ. ಅಂಡಿಗೆ ಸೀಳಿ ಅರ್ಧ ಹತ್ತಿ ತೆಗೆದಿದ್ದರೆ ‘ಪೂರ್ತಿ’ ಕಳೆದಂತಾಗಲಿಲ್ಲ. ಓಡುವ ರೈಲಿನಿಂದ ದರೋಡೆಯಾದರೆ ಅದು ಉಪೇಕ್ಷೆಯ ಲೆಕ್ಕಕ್ಕೇ ಬಾರದು. ಇದನ್ನು ಒಪ್ಪಂದ ಎನ್ನುವುದಕ್ಕಿಂತ, ನಾಲ್ಕು ಕಾಸು ಉಳಿಸಲು ಹೊರಟವನಿಗೆ ಒಡ್ಡಿದ ಬಲೆ ಎನ್ನುವುದೇ ಸರಿ. 1924ರಲ್ಲಿ ನಮೂನೆ ತಿದ್ದುಪಡಿಯಾಗಿ, ಸರಕು ತನ್ನ ವಶದಲ್ಲಿದ್ದಾಗ ಏನೇನಾಯಿತೆಂದು ರೈಲ್ವೆಯೇ ಮೊದಲು ಹೇಳಬೇಕಾಯಿತು. ಪುಣೆಯ ಹಮಾಲರ ಕೈಬದಲಿನ ಕಥೆ ಹುಬ್ಬಳ್ಳಿಯವನಿಗಿಂತ ರೈಲ್ವೆಗೇ ಚೆನ್ನಾಗಿ ಗೊತ್ತಲ್ಲ.

1951ರಲ್ಲಿ ಪುಣೆಯ ಎರಡೂ ಮಾರ್ಗಗಳ ಹಳೆಯ ಹೆಸರುಗಳು ಅಳಿದವು. ಎರಡಕ್ಕೂ ಸರ್ಕಾರವೇ ಯಜಮಾನ. 1961ರ ತಿದ್ದುಪಡಿ, 1962ರ ಜನವರಿ 1ರಿಂದ, ರೈಲ್ವೆಯ ಮೇಲೆ ಸಾಮಾನ್ಯ ಸಾಗಣೆದಾರನ ಹೊಣೆ ಹೊರಿಸಿತು. ದೈವಾಘಾತ, ಯುದ್ಧ, ಬೆಂಕಿಯಂಥ ವಿನಾಯಿತಿಗಳು ಉಳಿದವು. ಆದರೆ ಅವುಗಳ ಮರೆ ಹೊಕ್ಕರೂ ತಕ್ಕ ಮುನ್ನೆಚ್ಚರಿಕೆ ವಹಿಸಿದ್ದನ್ನು ರೈಲ್ವೆಯೇ ರುಜುವಾತು ಮಾಡಬೇಕು. ಮುಂಬೈ ಹೈಕೋರ್ಟ್ ತೆರೆದ ಬಾಗಿಲು ಮುಚ್ಚಲು ಎಂಬತ್ತಮೂರು ವರ್ಷ ಹಿಡಿಯಿತು.

1989ರಿಂದ ಈ ತಕರಾರುಗಳು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಹೋಗುತ್ತವೆ. ಅದೇ ವರ್ಷದ ಹೊಸ ಕಾಯಿದೆ ಹಳೆಯದನ್ನು ಬದಿಗಿಟ್ಟಿತು. 77ನೇ ಕಲಮಿನ ಆರು ತಿಂಗಳ ನೋಟಿಸಿನ ಗಡುವು ಮಾತ್ರ 106ನೇ ಕಲಮಾಗಿ ಹೊಸದರಲ್ಲೂ ಬಂದು ಕೂತಿದೆ.